ದೂರು ದೀಪದ್ದು, ತೀರ್ಪು ನಮ್ಮದು

ಇಪ್ಪತ್ತು ವರ್ಷ ಓಡಿದ ಟೊಯೋಟಾ ಸಿಯೆನ್ನಾ ಮಿನಿವ್ಯಾನ್ ಒಂದನ್ನು ಕಲ್ಪಿಸಿಕೊಳ್ಳಿ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಚಿರಪರಿಚಿತ ಗಾಡಿ. ಇಬ್ಬರು ಮಕ್ಕಳು, ಊರಿಂದ ಬಂದ ಅಜ್ಜ-ಅಜ್ಜಿ, ಹಿಂದೆ ನಾಲ್ಕು ಸೂಟ್‌ಕೇಸು, ಎಲ್ಲ ಹಿಡಿಸುತ್ತದೆ. ಒಂದು ಬೆಳಿಗ್ಗೆ ಅದರ ಡ್ಯಾಶ್‌ಬೋರ್ಡಿನಲ್ಲಿ ಮೂರು ದೀಪ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಒಂದು ಎಂಜಿನ್ ಆಕಾರದ್ದು, ಒಂದರ ಮೇಲೆ ‘ವಿಎಸ್‌ಸಿ’ ಎಂದಿದೆ, ಇನ್ನೊಂದರ ಮೇಲೆ ‘ಟ್ರ್ಯಾಕ್ ಆಫ್’ ಎಂದಿದೆ. ಎಂಜಿನ್ನೂ ಹೋಯಿತು, ಬ್ರೇಕೂ ಹೋಯಿತು, ಚಕ್ರದ ಹಿಡಿತವೂ ಹೋಯಿತು ಎಂದು ಮನೆಯವರು ಗಾಬರಿಯಾಗುತ್ತಾರೆ. ಮಾರಿದರೆ ಮೂರೂವರೆ ಸಾವಿರ ಡಾಲರ್ ಬರಬಹುದಾದ ಗಾಡಿಗೆ ಮೂರು ರಿಪೇರಿ ಮಾಡಿಸುವುದೋ, ಗುಜರಿಗೆ ಹಾಕುವುದೋ ಎಂಬ ಚಿಂತೆ ಶುರುವಾಗುತ್ತದೆ.

ಬಹಳ ಸಲ ಅಲ್ಲಿ ಕೆಟ್ಟಿರುವುದು ಒಂದೇ. ವಿಎಸ್‌ಸಿ ಎಂದರೆ ಗಾಡಿ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ. ಚಕ್ರ ಜಾರತೊಡಗಿದಾಗ ಅದು ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ. ಹಾಗೆ ತಗ್ಗಿಸಲು ಎಂಜಿನ್ ಹೇಳಿದಂತೆ ಕೇಳುವ ಸ್ಥಿತಿಯಲ್ಲಿರಬೇಕು. ಎಂಜಿನ್ನಿನ ಕಂಪ್ಯೂಟರ್ ‘ನನ್ನಲ್ಲೇನೋ ದೋಷವಿದೆ’ ಎಂದಾಗ ಜಾರು ತಡೆಯುವ ವ್ಯವಸ್ಥೆ ತಾನಾಗಿ ಹಿಂದೆ ಸರಿದು ತನ್ನ ಎರಡೂ ದೀಪ ಹಚ್ಚುತ್ತದೆ. ಮೊದಲ ದೋಷ ಹೋದರೆ ಮೂರೂ ದೀಪ ಆರುತ್ತವೆ. ಆ ಮೊದಲ ದೋಷ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂರದಿರುವಷ್ಟು ಸಣ್ಣದಿರಬಹುದು, ಎರಡು ಸಾವಿರ ಡಾಲರ್ ಬೇಡುವಷ್ಟು ದೊಡ್ಡದೂ ಇರಬಹುದು. ದೀಪ ಮಾತ್ರ ಎರಡಕ್ಕೂ ಒಂದೇ ಬಗೆಯಲ್ಲಿ ಉರಿಯುತ್ತದೆ.

ಯಾಕೆ ಹೀಗೆ? ಇಷ್ಟೆಲ್ಲ ಅಳೆಯಬಲ್ಲ ಕಂಪ್ಯೂಟರಿಗೆ ಸಣ್ಣದು ಯಾವುದು, ದೊಡ್ಡದು ಯಾವುದು ಎಂದು ಹೇಳಲು ಬರುವುದಿಲ್ಲವೇ? ಉತ್ತರ ಬೇಕಿದ್ದರೆ ಆ ದೀಪವನ್ನು ಯಾರಿಗಾಗಿ ಇಟ್ಟರು ಎಂಬುದನ್ನು ನೋಡಬೇಕು.

ಗಾಳಿಗಾಗಿ ಇಟ್ಟ ದೀಪ

1943ರ ಜುಲೈನಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಂದು ಬಣ್ಣದ ಹೊಗೆಮಂಜು ಕವಿಯಿತು. ಕಣ್ಣು ಉರಿ, ಗಂಟಲು ಕೆರೆತ. ಯುದ್ಧದ ಕಾಲವಾದ್ದರಿಂದ ಜಪಾನೀಯರು ವಿಷಾನಿಲ ಬಿಟ್ಟರೇನೋ ಎಂದು ಹೆದರಿದವರೂ ಇದ್ದರು. ಮುಂದಿನ ವರ್ಷಗಳಲ್ಲಿ ಜನ ಕಾರ್ಖಾನೆಗಳನ್ನು, ಕಸ ಸುಡುವ ಒಲೆಗಳನ್ನು ದೂರಿದರು. ನಿಜವಾದ ಕಾರಣ ಹಿಡಿದವರು ಆರಿ ಹಾಗನ್-ಸ್ಮಿಟ್. ನೆದರ್ಲೆಂಡ್ಸ್ ಮೂಲದ ಈ ರಸಾಯನ ವಿಜ್ಞಾನಿ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಅನಾನಸ್ ಹಣ್ಣಿನ ಪರಿಮಳವನ್ನು ಬಿಡಿಸಿ ನೋಡುತ್ತಿದ್ದವರು. ಅದೇ ವಿಧಾನದಿಂದ ಊರಿನ ಗಾಳಿಯನ್ನು ಪರೀಕ್ಷಿಸಿ, 1950ರ ದಶಕದ ಆರಂಭದಲ್ಲಿ ಗುಟ್ಟು ಬಯಲು ಮಾಡಿದರು. ಸುಡದೆ ಉಳಿದ ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿದಾಗ ಓಝೋನ್ ಹುಟ್ಟುತ್ತದೆ. ಈ ಎರಡನ್ನೂ ಉಗುಳುತ್ತಿದ್ದವುಗಳಲ್ಲಿ ಮುಖ್ಯವಾದವು ಊರಿನ ಕಾರುಗಳು. ಮುಂದೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದವರೂ ಇವರೇ.

1970ರಲ್ಲಿ ಅಮೆರಿಕ ತನ್ನ ಶುದ್ಧ ಗಾಳಿ ಕಾಯ್ದೆಯನ್ನು ಬಿಗಿಗೊಳಿಸಿತು. 1975ರ ಮಾದರಿಗಳಿಂದ ಅಲ್ಲಿನ ಕಾರುಗಳ ಹೊಟ್ಟೆಯಡಿ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪಿಸಿದ ಸೆರಾಮಿಕ್ ಜಾಲರಿಯ ಮೂಲಕ ಹೊಗೆ ಹಾದು, ವಿಷದ ಬಹುಪಾಲನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಆದರೆ ಇಲ್ಲೊಂದು ತೊಡಕಿತ್ತು. ಕನ್ವರ್ಟರ್ ಸತ್ತುಹೋದರೂ ಗಾಡಿ ಎಂದಿನಂತೆಯೇ ಓಡುತ್ತದೆ. ಪಿಕಪ್ ಕಡಿಮೆಯಾಗದು, ಶಬ್ದ ಬಾರದು. ಓಡಿಸುವವರಿಗೆ ತಿಳಿಯುವ ದಾರಿಯೇ ಇಲ್ಲ. ನಷ್ಟ ಆಗುವುದು ಆ ರಸ್ತೆಯಲ್ಲಿ ಉಸಿರಾಡುವ ಎಲ್ಲರಿಗೆ.

ಹಾಗಾಗಿ ಗಾಡಿಯೇ ತನ್ನನ್ನು ಪರೀಕ್ಷಿಸಿಕೊಂಡು ತಪ್ಪನ್ನು ಒಪ್ಪಿಕೊಳ್ಳಬೇಕು ಎಂದು ಕ್ಯಾಲಿಫೋರ್ನಿಯಾ ನಿಯಮ ಮಾಡಿತು. ಮೊದಲ ಹಂತ ಬಂದದ್ದು 1988ರ ಮಾದರಿಗಳಿಗೆ. ಆಗ ಒಂದೊಂದು ಕಂಪನಿಯದೂ ಒಂದೊಂದು ಪದ್ಧತಿ. ಆ ಕಾಲದ ಕ್ರೈಸ್ಲರ್ ಮಿನಿವ್ಯಾನಿನಲ್ಲಿ ಕೀಲಿಯನ್ನು ಐದು ಸೆಕೆಂಡಿನೊಳಗೆ ಆನ್-ಆಫ್-ಆನ್-ಆಫ್-ಆನ್ ಮಾಡಿದರೆ ಎಂಜಿನ್ ದೀಪವೇ ಮಿನುಗಿ ಎರಡಂಕಿಯ ಕೋಡ್ ಹೇಳುತ್ತಿತ್ತು. ಒಂದು ಮಿನುಗು, ತುಸು ಬಿಡುವು, ಮತ್ತೆರಡು ಮಿನುಗು ಎಂದರೆ 12. ಕೊನೆಗೆ 55 ಬಂದರೆ ಪಟ್ಟಿ ಮುಗಿಯಿತೆಂದು ಅರ್ಥ. 1996ರಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಕಾರು, ಮಿನಿವ್ಯಾನುಗಳಿಗೂ ಓಬಿಡಿ-2 ಎಂಬ ಒಂದೇ ಪದ್ಧತಿ ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್ನಿನ ಒಂದೇ ನಮೂನೆಯ ಸಾಕೆಟ್, ಎಲ್ಲ ಕಂಪನಿಗೂ ಒಂದೇ ಕೋಡುಗಳ ಭಾಷೆ. ಇಪ್ಪತ್ತು ಡಾಲರಿನ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಯಾರು ಬೇಕಾದರೂ ಮೊಬೈಲಿನಲ್ಲಿ ಓದಿಕೊಳ್ಳಬಹುದಾದ್ದು ಈ ನಿಯಮದಿಂದಲೇ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಗಾಡಿ ಉಗುಳುವ ವಿಷ ನಿಗದಿತ ಮಿತಿಯ ಒಂದೂವರೆ ಪಟ್ಟು ದಾಟುವಂಥ ದೋಷ ಕಂಡರೆ ದೀಪ ಹಚ್ಚು ಎನ್ನುವುದು ಈ ವ್ಯವಸ್ಥೆಯ ಮೂಲಸೂತ್ರ. ರಿಪೇರಿಗೆ ಎಷ್ಟಾಗುತ್ತದೆ, ಮನೆ ಮುಟ್ಟಬಹುದೇ ಎಂಬುದು ಅದರ ಲೆಕ್ಕದಲ್ಲಿಲ್ಲ. ಟ್ಯಾಂಕಿನ ಮುಚ್ಚಳದ ಉದಾಹರಣೆಯನ್ನೇ ನೋಡಿ. ಪೆಟ್ರೋಲ್ ಆವಿ ಹೊರಹೋಗದಂತೆ ಟ್ಯಾಂಕ್ ಮುಚ್ಚಿದೆಯೇ ಎಂದು ಕಂಪ್ಯೂಟರ್ ಆಗಾಗ ಪರೀಕ್ಷಿಸುತ್ತದೆ. ಕೆಲವು ಗಾಡಿಗಳಲ್ಲಿ, ನಿಲ್ಲಿಸಿ ಕೆಲವು ಗಂಟೆಯಾದ ಮೇಲೆ, ಸಣ್ಣ ಪಂಪೊಂದು ತಾನಾಗಿ ಓಡಿ ಟ್ಯಾಂಕಿನೊಳಗೆ ನಿರ್ವಾತ ಮಾಡಿ, ಅದು ನಿಲ್ಲುತ್ತದೆಯೇ ಎಂದು ನೋಡುತ್ತದೆ. ಅರ್ಧ ಮಿಲಿಮೀಟರ್ ತೂತಿದ್ದರೂ ಪತ್ತೆಯಾಗಬೇಕೆಂಬುದು ನಿಯಮ. ಮುಚ್ಚಳದ ರಬ್ಬರ್ ರಿಂಗ್ ಬಿರುಕು ಬಿಟ್ಟರೆ ಅಷ್ಟು ಸಾಕು.

ತಪ್ಪಿದ ಕಿಡಿಯ ಲೆಕ್ಕ

ಎಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ವಿಷಯ ಬೇರೆ. ಸುಮ್ಮನೆ ಉರಿಯುವ ಹಳದಿ ದೀಪ ‘ಬೇಗ ತೋರಿಸು’ ಎನ್ನುತ್ತದೆ. ಮಿನುಗುವ ದೀಪ ‘ಈಗಲೇ ವೇಗ ತಗ್ಗಿಸು, ಸಾಧ್ಯವಾದಷ್ಟು ಬೇಗ ನಿಲ್ಲಿಸು’ ಎನ್ನುತ್ತದೆ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳುತ್ತಿಲ್ಲ, ಅದನ್ನೇ ಮಿಸ್‌ಫೈರ್ ಎನ್ನುವುದು. ಹೊತ್ತದ ಪೆಟ್ರೋಲ್ ಹಸಿಯಾಗಿಯೇ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಸೆರಾಮಿಕ್ ಜಾಲರಿ ಕರಗುವಷ್ಟು ಕಾವೇರುತ್ತದೆ. ಹತ್ತಾರು ಡಾಲರಿನ ದೋಷ ಸಾವಿರಾರು ಡಾಲರಿನ ನಷ್ಟವಾಗಿ ಬೆಳೆಯುವುದು ಹೀಗೆ.

ಸಿಲಿಂಡರಿನೊಳಗೆ ಕಣ್ಣಿಲ್ಲ, ಕಿವಿಯಿಲ್ಲ. ಹಾಗಿದ್ದೂ ಯಾವ ಸಿಲಿಂಡರಿನಲ್ಲಿ ಕಿಡಿ ತಪ್ಪಿತೆಂದು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲೊಂದು ಹಲ್ಲುಚಕ್ರ, ಅದರ ಪಕ್ಕದಲ್ಲೊಂದು ಸೆನ್ಸರ್. ಒಂದೊಂದು ಹಲ್ಲು ಹಾದುಹೋದ ಹೊತ್ತನ್ನೂ ಅದು ಗುರುತಿಸುತ್ತದೆ. ಆರು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎನ್ನಿ. ಅಂದರೆ ಸೆಕೆಂಡಿಗೆ ಹತ್ತು ಸುತ್ತು, ಸುತ್ತಿಗೆ ಮೂರು ಸ್ಫೋಟ, ಒಟ್ಟು ಸೆಕೆಂಡಿಗೆ ಮೂವತ್ತು. ಪ್ರತಿ ಸ್ಫೋಟವೂ ಚಕ್ರವನ್ನು ಒಂದಿಷ್ಟು ಮುಂದೆ ನೂಕುತ್ತದೆ. ಒಂದು ನೂಕು ತಪ್ಪಿದರೆ ಮುಂದಿನ ಹಲ್ಲುಗಳು ಕೂದಲೆಳೆಯಷ್ಟು ತಡವಾಗಿ ಬರುತ್ತವೆ. ಆ ತಡ ಯಾರ ಸರದಿಯಲ್ಲಿ ಆಯಿತೆಂದು ನೋಡಿದರೆ ತಪ್ಪಿತಸ್ಥ ಸಿಲಿಂಡರ್ ಗೊತ್ತಾಗುತ್ತದೆ. ಪೆಡಲ್ ಒತ್ತಿದವರ ಕಾಲಿಗೂ ತಿಳಿಯದ ನಡುಕವನ್ನು ಬರೀ ಸಮಯ ಅಳೆದೇ ಹಿಡಿಯುವ ಈ ಉಪಾಯ ನನಗೆ ಎಂಜಿನಿಯರಿಂಗಿನ ಬಹು ಸುಂದರ ಸಾಧನೆಗಳಲ್ಲೊಂದೆಂದು ತೋರುತ್ತದೆ.

ಸ್ಕ್ಯಾನರಿನಲ್ಲಿ P0304 ಎಂಬ ಕೋಡ್ ಬಂತೆನ್ನೋಣ. P ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ವಿಭಾಗ, 0 ಎಂದರೆ ಎಲ್ಲ ಕಂಪನಿಗೂ ಸಮಾನವಾದ ಕೋಡ್, 3 ಎಂದರೆ ಕಿಡಿಗೆ ಸಂಬಂಧಿಸಿದ್ದು, 04 ಎಂದರೆ ನಾಲ್ಕನೇ ಸಿಲಿಂಡರ್. ಕಂಪ್ಯೂಟರ್ ಹೇಳಿದ್ದು ಇಷ್ಟೇ: ‘ನಾಲ್ಕನೇ ಸಿಲಿಂಡರ್ ನೂಕುತ್ತಿಲ್ಲ.’ ಅದು ದೂರು. ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಕೆಟ್ಟಿದೆಯೋ, ಸ್ಪಾರ್ಕ್ ಪ್ಲಗ್ ಸವೆದಿದೆಯೋ, ಇಂಜೆಕ್ಟರ್ ಕಟ್ಟಿಕೊಂಡಿದೆಯೋ, ವಾಲ್ವ್ ಸುಟ್ಟು ಕಂಪ್ರೆಷನ್ ಹೋಗಿದೆಯೋ ಎಂಬ ತೀರ್ಪನ್ನು ಅದು ಕೊಟ್ಟಿಲ್ಲ. ಹಣ ಪೋಲಾಗುವುದೆಲ್ಲ ದೂರನ್ನೇ ತೀರ್ಪೆಂದುಕೊಂಡಾಗ.

ತೀರ್ಪಿಗೆ ಒಂದು ಪುಕ್ಕಟೆ ಪ್ರಯೋಗವಿದೆ. ಸಿಯೆನ್ನಾದ ವಿ6 ಎಂಜಿನ್ನಿನಲ್ಲಿ 2, 4, 6ನೇ ಸಿಲಿಂಡರುಗಳು ಮುಂದಿನ ಸಾಲಿನಲ್ಲಿವೆ. ಬಾನೆಟ್ ಎತ್ತಿದರೆ ಕೈಗೆ ಸಿಗುತ್ತವೆ. ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ನಾಲ್ಕನೆಯದರ ಮೇಲಿನ ಕಾಯಿಲಿನ ಬೋಲ್ಟ್ ಬಿಚ್ಚಿ, ಕನೆಕ್ಟರಿನ ಕೊಂಡಿ ಒತ್ತಿ ಹೊರತೆಗೆಯಬೇಕು. ಆರನೆಯದನ್ನೂ ಹಾಗೆಯೇ ತೆಗೆದು ಎರಡನ್ನೂ ಅದಲು ಬದಲು ಮಾಡಿ ಕೂರಿಸಬೇಕು. ಕೋಡ್ ಅಳಿಸಿ ಗಾಡಿ ಓಡಿಸಿ ನೋಡಬೇಕು. ಈಗ P0306 ಬಂದರೆ ದೋಷ ಕಾಯಿಲಿನ ಜೊತೆಗೇ ನಡೆದುಹೋಯಿತು, ಅಪರಾಧಿ ಕಾಯಿಲೇ. ಮತ್ತೆ P0304 ಬಂದರೆ ಕಾಯಿಲ್ ನಿರ್ದೋಷಿ, ಮುಂದಿನ ಸರದಿ ಪ್ಲಗ್ಗಿನದು. ಒಂದನ್ನು ಮಾತ್ರ ಬದಲಿಸಿ ಉಳಿದದ್ದೆಲ್ಲವನ್ನೂ ಹಾಗೇ ಇಟ್ಟು ನೋಡುವುದು ಪ್ರಯೋಗಾಲಯದ ಮೊದಲ ಪಾಠ. ಇಲ್ಲಿ ಅದಕ್ಕೆ ಬೇಕಾದ ಸಲಕರಣೆ ಒಂದು ಸ್ಪ್ಯಾನರ್.

ಕೋಡಿನ ಜೊತೆ ಕಂಪ್ಯೂಟರ್ ಇನ್ನೊಂದನ್ನೂ ಕಾದಿಟ್ಟಿರುತ್ತದೆ. ದೋಷ ಕಂಡ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಗಾಡಿ ಎಷ್ಟು ವೇಗದಲ್ಲಿತ್ತು, ಎಂಜಿನ್ ಮೇಲೆ ಭಾರ ಎಷ್ಟಿತ್ತು ಎಂಬ ದಾಖಲೆ. ಇದಕ್ಕೆ ಫ್ರೀಜ್ ಫ್ರೇಮ್ ಎಂದು ಹೆಸರು. ಹತ್ತು ಡಿಗ್ರಿ ಚಳಿಯಲ್ಲಿ ಆಗಷ್ಟೇ ಶುರುಮಾಡಿದಾಗ ತಪ್ಪಿದ ಕಿಡಿಗೂ, ತೊಂಬತ್ತು ಡಿಗ್ರಿಗೆ ಕಾದು ಏರು ಹತ್ತುವಾಗ ತಪ್ಪಿದ ಕಿಡಿಗೂ ಕಾರಣ ಬೇರೆ ಇರಬಹುದು. ಕೋಡ್ ಅಳಿಸಿದರೆ ಈ ದಾಖಲೆಯೂ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಓದಿ ಬರೆದಿಟ್ಟುಕೊಳ್ಳಬೇಕು, ಆಮೇಲೆ ಅಳಿಸಬೇಕು.

ದುಬಾರಿ ಕೋಡು

ಹಳೆಯ ಗಾಡಿಯ ಮಾಲೀಕರು ಹೆಚ್ಚು ಅಂಜುವ ಕೋಡ್ P0420. ‘ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ಮಿತಿಗಿಂತ ಕಡಿಮೆ’ ಎಂದು ಅದರ ಅರ್ಥ. ಓದಿದೊಡನೆ ಕನ್ವರ್ಟರ್ ಬದಲಿಸಬೇಕೆಂದೇ ಅನ್ನಿಸುತ್ತದೆ. ಅಮೂಲ್ಯ ಲೋಹಗಳಿರುವುದರಿಂದ ಅದರ ಬೆಲೆ ಸಾವಿರ ಡಾಲರ್ ದಾಟುವುದುಂಟು. ಕ್ಯಾಲಿಫೋರ್ನಿಯಾದಲ್ಲಿ ಮಂಡಳಿಯ ಒಪ್ಪಿಗೆ ಸಂಖ್ಯೆಯಿರುವ ಕನ್ವರ್ಟರನ್ನೇ ಹಾಕಬೇಕಾದ್ದರಿಂದ ಇನ್ನೂ ಹೆಚ್ಚು. ಎಂಟು ವರ್ಷ ಅಥವಾ 80,000 ಮೈಲಿಯೊಳಗೆ ಕೆಟ್ಟರೆ ಅಮೆರಿಕದ ಕಾನೂನಿನ ಪ್ರಕಾರ ಕಂಪನಿಯೇ ಬದಲಿಸಿಕೊಡಬೇಕು. ನಮ್ಮ ಸಿಯೆನ್ನಾ ಆ ಗಡುವನ್ನು ದಾಟಿ ಬಹಳ ಕಾಲವಾಗಿದೆ.

ಕಂಪ್ಯೂಟರ್ ಈ ನಿರ್ಧಾರಕ್ಕೆ ಬರುವ ಬಗೆ ಗೊತ್ತಿದ್ದರೆ ಅವಸರ ತಗ್ಗುತ್ತದೆ. ಕನ್ವರ್ಟರಿನ ಹಿಂದೊಂದು, ಮುಂದೊಂದು ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬ ಹದದ ಆಚೀಚೆ ಎಂಜಿನ್ ಮಿಶ್ರಣವನ್ನು ಸದಾ ತೂಗಿಸುತ್ತಿರುತ್ತದೆ. ಕನ್ವರ್ಟರಿಗೆ ಬರುವ ಹೊಗೆಯಲ್ಲಿ ಆಮ್ಲಜನಕ ಏರಿಳಿಯುತ್ತಲೇ ಇರುತ್ತದೆ. ಆರೋಗ್ಯವಂತ ಕನ್ವರ್ಟರ್ ಹೆಚ್ಚಾದಾಗ ಆಮ್ಲಜನಕವನ್ನು ಹೀರಿಟ್ಟುಕೊಂಡು, ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಅದರ ಲೇಪದಲ್ಲಿರುವ ಸೀರಿಯಂ ಆಕ್ಸೈಡಿನ ಕೆಲಸವದು. ಹೀಗಾಗಿ ಆಚೆ ಕಡೆಯ ಸೆನ್ಸರ್ ಹೆಚ್ಚು ಕಡಿಮೆ ಅಲುಗಾಡದೆ 0.6-0.7 ವೋಲ್ಟಿನ ಆಸುಪಾಸಿನಲ್ಲಿ ನಿಂತಿರುತ್ತದೆ. ಕನ್ವರ್ಟರಿನ ಹಿಡಿದಿಡುವ ಶಕ್ತಿ ಹೋದರೆ ಆಚೆಯ ಸೆನ್ಸರೂ 0.1ರಿಂದ 0.9 ವೋಲ್ಟಿನ ನಡುವೆ ಜೀಕತೊಡಗುತ್ತದೆ. ಆಗ P0420.

ಅಂದರೆ ಕಂಪ್ಯೂಟರ್ ಕನ್ವರ್ಟರನ್ನು ನೇರವಾಗಿ ಅಳೆದಿಲ್ಲ, ಆಚೆ ಕಡೆಯ ಆಮ್ಲಜನಕದ ಕುಣಿತ ನೋಡಿ ಊಹಿಸಿದೆ. ಆ ಕುಣಿತಕ್ಕೆ ಬೇರೆ ಕಾರಣಗಳೂ ಇರಬಹುದು. ಎಕ್ಸಾಸ್ಟ್ ಪೈಪಿನ ಗ್ಯಾಸ್ಕೆಟ್ ಸವೆದು ಹೊರಗಿನ ಗಾಳಿ ಒಳನುಗ್ಗುತ್ತಿರಬಹುದು. ಮುದಿಯಾದ ಸೆನ್ಸರ್ ತಪ್ಪು ಹೇಳುತ್ತಿರಬಹುದು. ಕನ್ವರ್ಟರ್ ನಿಜಕ್ಕೂ ಸತ್ತಿದ್ದರೂ ಅದನ್ನು ಕೊಂದದ್ದು ಮಿಸ್‌ಫೈರೋ, ಎಂಜಿನ್ ಕುಡಿಯುತ್ತಿರುವ ಆಯಿಲೋ ಇರಬಹುದು. ಆ ಮೂಲ ಹಾಗೇ ಉಳಿದರೆ ಹೊಸ ಕನ್ವರ್ಟರಿಗೂ ಅದೇ ಗತಿ.

ಪರೀಕ್ಷೆಗೆ ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಸರಳ ಗಣಿತವಿದೆ. ಕನ್ವರ್ಟರ್ ಬದಲಿಸಲು 1800 ಡಾಲರ್, ಪೈಪಿನ ಸೋರಿಕೆ ಮತ್ತು ಸೆನ್ಸರುಗಳನ್ನು ಪರೀಕ್ಷಿಸಲು 150 ಡಾಲರ್ ಎಂದು ಇಟ್ಟುಕೊಳ್ಳಿ. ದೋಷ ಕನ್ವರ್ಟರಿನದಲ್ಲದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದಿಟ್ಟುಕೊಂಡರೆ, ಪರೀಕ್ಷಿಸದೆ ಬದಲಿಸುವವರು ಸರಾಸರಿ 450 ಡಾಲರ್ ನೀರಿಗೆ ಹಾಕಿದಂತೆ. ಅದನ್ನು ತಪ್ಪಿಸಲು 150 ಕೊಡುವುದು ಲಾಭವೇ. ಇನ್ನೂ ಸುಲಭವಾಗಿ ಹೇಳುವುದಾದರೆ, ಪರೀಕ್ಷೆಯ ಖರ್ಚನ್ನು ರಿಪೇರಿಯ ಖರ್ಚಿನಿಂದ ಭಾಗಿಸಿ. ಇಲ್ಲಿ ಹನ್ನೆರಡರಲ್ಲಿ ಒಂದು ಬಂತು. ನಿಮ್ಮ ಅನುಮಾನ ಅದಕ್ಕಿಂತ ಹೆಚ್ಚಿದ್ದರೆ ಮೊದಲು ಪರೀಕ್ಷೆ, ಆಮೇಲೆ ರಿಪೇರಿ. ಇದೇ ಲೆಕ್ಕ ಎದುರು ದಿಕ್ಕಿಗೂ ಸಲ್ಲುತ್ತದೆ. ಹದಿನೈದು ಡಾಲರಿನ ಟ್ಯಾಂಕ್ ಮುಚ್ಚಳಕ್ಕೆ 150 ಡಾಲರಿನ ಪರೀಕ್ಷೆ ಬೇಡ, ಮುಚ್ಚಳವನ್ನೇ ಬದಲಿಸಿ ನೋಡಬೇಕು.

ಕೂಲಿಯ ಗುಟ್ಟು

ಒಂದೇ ದೋಷಕ್ಕೆ ಒಂದು ಗಾಡಿಯಲ್ಲಿ ನೂರು ಡಾಲರ್, ಇನ್ನೊಂದರಲ್ಲಿ ಆರುನೂರು ಆಗುವುದುಂಟು. ಮೆಕ್ಯಾನಿಕ್ ಸುಲಿಗೆ ಮಾಡುತ್ತಿದ್ದಾನೆಂದು ತೀರ್ಮಾನಿಸುವ ಮೊದಲು ಬಾನೆಟ್ಟಿನ ಒಳಗೆ ನೋಡಬೇಕು. 1983ರ ಕೊನೆಯಲ್ಲಿ ಕ್ರೈಸ್ಲರ್ ಕಂಪನಿ ಡಾಡ್ಜ್ ಕ್ಯಾರವಾನ್ ಮತ್ತು ಪ್ಲಿಮತ್ ವಾಯೇಜರ್ ಹೊರತಂದಾಗ ಅವುಗಳ ಹೆಚ್ಚುಗಾರಿಕೆ ಇದ್ದದ್ದು ಜಾಗದಲ್ಲಿ. ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿ, ಮುಂದಿನ ಚಕ್ರಗಳಿಗೇ ಬಲ ಕೊಟ್ಟರು. ನೆಲ ತಗ್ಗಾಯಿತು, ಸಮತಟ್ಟಾಯಿತು. ಮನೆಯ ಗ್ಯಾರೇಜಿನೊಳಗೆ ಹೋಗುವಷ್ಟು ಗಿಡ್ಡ ಗಾಡಿಯಲ್ಲಿ ಏಳು ಜನ ಕೂತರು. ಆಮೇಲೆ ಬಂದ ಸಿಯೆನ್ನಾ, ಒಡಿಸ್ಸಿಗಳೂ ಇದೇ ಹಾದಿ ಹಿಡಿದವು.

ಕುಟುಂಬಕ್ಕೆ ಸಿಕ್ಕ ಆ ಜಾಗ ಮೆಕ್ಯಾನಿಕ್‌ನ ಕೈಯಿಂದ ಕಿತ್ತುಕೊಂಡದ್ದು. ಅಡ್ಡ ಮಲಗಿದ ವಿ6 ಎಂಜಿನ್ನಿನ ಹಿಂದಿನ ಸಾಲು, ಅಂದರೆ ಸಿಯೆನ್ನಾದ 1, 3, 5ನೇ ಸಿಲಿಂಡರುಗಳು, ಗಾಜಿನ ಕೆಳಗಿನ ಗೋಡೆಗೆ ಒತ್ತಿಕೊಂಡಿವೆ. ಅವುಗಳ ಮೇಲೆ ಗಾಳಿ ಒಯ್ಯುವ ದೊಡ್ಡ ಮ್ಯಾನಿಫೋಲ್ಡ್ ಕೂತಿದೆ. ಅಲ್ಲಿನ ಒಂದು ಸ್ಪಾರ್ಕ್ ಪ್ಲಗ್ ಬದಲಿಸಬೇಕಾದರೂ ವೈಪರ್ ತಟ್ಟೆ, ಮ್ಯಾನಿಫೋಲ್ಡ್, ಹತ್ತಾರು ಪೈಪು-ವೈರು ಬಿಚ್ಚಬೇಕು. ಪ್ಲಗ್ಗಿನ ಬೆಲೆ ಹತ್ತು ಡಾಲರ್ ಸುಮಾರು, ಕೂಲಿ ಹಲವು ಗಂಟೆಗಳದ್ದು. ಗಂಟೆಗೆ ನೂರು ಡಾಲರಿಗೂ ಹೆಚ್ಚು ಕೂಲಿಯಿರುವ ಊರಿನಲ್ಲಿ ಬಿಲ್ಲು ಬೆಳೆಯುವುದು ಸಹಜ. ಹಾಗಾದರೆ ಜಾಣತನ ಎಲ್ಲಿದೆ? ಒಮ್ಮೆ ಮ್ಯಾನಿಫೋಲ್ಡ್ ಬಿಚ್ಚಿದರೆ ಹಿಂದಿನ ಮೂರೂ ಪ್ಲಗ್ಗು, ಗ್ಯಾಸ್ಕೆಟ್ಟು, ಬಿರುಕು ಬಿಟ್ಟ ರಬ್ಬರ್ ಪೈಪು ಎಲ್ಲವನ್ನೂ ಅದೇ ಕೂಲಿಯಲ್ಲಿ ಬದಲಿಸಿಕೊಳ್ಳುವುದರಲ್ಲಿ.

ಕೆಂಪಿಗೆ ಕಾಯುವಂತಿಲ್ಲ

ಹಳದಿ ದೀಪಗಳಿಗೆ ಯೋಚಿಸಲು ಸಮಯವಿದೆ, ಕೆಂಪಿಗೆ ಇಲ್ಲ. ಆಯಿಲ್ ಕ್ಯಾನ್ ಚಿತ್ರದ ಕೆಂಪು ದೀಪ ಹೇಳುವುದು ಆಯಿಲಿನ ಒತ್ತಡವನ್ನು, ಮಟ್ಟವನ್ನಲ್ಲ. ತಿರುಗುವ ಕ್ರ್ಯಾಂಕ್‌ಶಾಫ್ಟ್ ಲೋಹದ ಮೇಲೆ ಕೂತಿರುವುದಿಲ್ಲ, ಒತ್ತಡದಿಂದ ಹರಿಯುವ ಆಯಿಲಿನ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ದೀಪ ಹೊತ್ತಿದಾಗ ಆ ಪದರವೇ ಮಾಯವಾಗುತ್ತಿದೆ. ಮುಂದಿನ ಪೆಟ್ರೋಲ್ ಬಂಕಿನವರೆಗೆ ಎಂದುಕೊಂಡು ಓಡಿಸಿದರೆ ಎಂಜಿನ್ನೇ ಹೋಗಬಹುದು. ಪಕ್ಕಕ್ಕೆ ನಿಲ್ಲಿಸಿ ಆರಿಸಬೇಕು. ಎಂಜಿನ್ ಕಾವು ಮಿತಿಮೀರಿದೆ ಎನ್ನುವ ಥರ್ಮಾಮೀಟರ್ ದೀಪಕ್ಕೂ ಇದೇ ಮಾತು.

ಬ್ರೇಕಿನ ಕೆಂಪು ದೀಪ ಇನ್ನೊಂದು ಬಗೆಯದು. ತಿರುವಿನಲ್ಲಿ, ಬ್ರೇಕ್ ಒತ್ತಿದಾಗ ಮಾತ್ರ ಒಮ್ಮೆ ಹೊಳೆದು ಆರುತ್ತಿದ್ದರೆ ಬ್ರೇಕ್ ಆಯಿಲ್ ಡಬ್ಬಿಯ ತೇಲುಬಿರಡೆ ಕೆಳಗಿಳಿದಿದೆ ಎಂದರ್ಥ. ಸೋರಿಕೆ ಇಲ್ಲದಿದ್ದರೂ ಮಟ್ಟ ಇಳಿಯುತ್ತದೆ. ಬ್ರೇಕ್ ಪ್ಯಾಡ್ ಸವೆದಂತೆ ಅದನ್ನು ಒತ್ತುವ ಪಿಸ್ಟನ್ ಮುಂದೆ ಸರಿಯುತ್ತದೆ, ಅದರ ಹಿಂದೆ ಖಾಲಿಯಾದ ಜಾಗವನ್ನು ಆಯಿಲ್ ತುಂಬುತ್ತದೆ. ಬರೀ ಆಯಿಲ್ ಸುರಿದು ದೀಪ ಆರಿಸಿದರೆ ಪ್ಯಾಡ್ ಮುಗಿಯುತ್ತಿದೆ ಎಂಬ ಸುದ್ದಿಯನ್ನೇ ಆರಿಸಿದಂತೆ.

ಬ್ಯಾಟರಿ ಚಿತ್ರದ ದೀಪ ಓಡುವಾಗ ಹೊತ್ತಿದರೆ ಬ್ಯಾಟರಿ ಅಂಗಡಿಗೆ ಹೋಗುವ ಮುನ್ನ ಮಲ್ಟಿಮೀಟರ್ ಹಿಡಿಯಬೇಕು. ಎಂಜಿನ್ ನಿಂತಾಗ ಬ್ಯಾಟರಿ ತುದಿಗಳ ನಡುವೆ 12.6 ವೋಲ್ಟ್ ಸುಮಾರು, ಓಡುವಾಗ 14ರ ಹತ್ತಿರ ಇರಬೇಕು. ಓಡುವಾಗಲೂ 12ರಲ್ಲೇ ನಿಂತಿದ್ದರೆ ದೋಷ ಆಲ್ಟರ್ನೇಟರಿನದೋ ಅದರ ಬೆಲ್ಟಿನದೋ. ವೋಲ್ಟೇಜ್ ಕುಸಿದಾಗ ಎಬಿಎಸ್, ಏರ್‌ಬ್ಯಾಗ್, ಸ್ಟಿಯರಿಂಗ್ ದೀಪಗಳೆಲ್ಲ ಸಾಲಾಗಿ ಹೊತ್ತಿಕೊಳ್ಳಬಹುದು. ಆಗಲೂ ಕಾರಣ ಒಂದೇ. ಏರ್‌ಬ್ಯಾಗ್ ದೀಪ ಒಂಟಿಯಾಗಿ ಉರಿಯುತ್ತಿದ್ದರೆ ಮನೆಯಲ್ಲಿ ಕೈಹಾಕಬಾರದು, ಅಲ್ಲಿರುವುದು ಸಿಡಿಯುವ ವಸ್ತು.

ದೀಪವೇ ಇಲ್ಲದ ಗಾಡಿಯನ್ನೂ ನಂಬಬಾರದು. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಕೀಲಿಯನ್ನು ಆನ್ ಮಾಡಿ, ಎಂಜಿನ್ ಶುರು ಮಾಡದೆ ನೋಡಿ. ಎಂಜಿನ್ ದೀಪ ಆಗ ಹೊತ್ತಲೇಬೇಕು. ಹೊತ್ತದಿದ್ದರೆ ಯಾರೋ ಬಲ್ಬ್ ತೆಗೆದಿರಬಹುದು. ಹೊತ್ತಿ ಆರಿದರೂ ಸ್ಕ್ಯಾನರ್ ಹಾಕಿ ‘ರೆಡಿನೆಸ್’ ನೋಡಬೇಕು. ಕೋಡ್ ಅಳಿಸಿದಾಗ ಸ್ವಯಂಪರೀಕ್ಷೆಗಳ ಫಲಿತಾಂಶಗಳೂ ಅಳಿಸಿಹೋಗುತ್ತವೆ, ಅವು ಮತ್ತೆ ಪೂರ್ತಿಯಾಗಲು ಹಲವು ದಿನದ ಓಡಾಟ ಬೇಕು. ‘ಪರೀಕ್ಷೆ ಬಾಕಿ’ ಎಂದು ಸಾಲು ಸಾಲು ಬಂದರೆ ನಿನ್ನೆ ಮೊನ್ನೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಕ್ಯಾಲಿಫೋರ್ನಿಯಾದ ಸ್ಮಾಗ್ ತಪಾಸಣೆಯವರು ಅಂಥ ಗಾಡಿಯನ್ನು ವಾಪಸು ಕಳಿಸುವುದೂ ಇದೇ ಕಾರಣಕ್ಕೆ.

ಬಿಡದಿಯ ಗಾಡಿಗಳಲ್ಲಿ

ಭಾರತದಲ್ಲಿ ಈ ದೀಪದ ಇತಿಹಾಸ ಚಿಕ್ಕದು. ಸೀಸ ಬೆರೆತ ಪೆಟ್ರೋಲ್ ಕನ್ವರ್ಟರನ್ನು ಕೊಲ್ಲುತ್ತದೆ. ದೇಶದಲ್ಲೆಲ್ಲ ಅದು ನಿಂತದ್ದು 2000ದಲ್ಲಿ. ಗಾಡಿ ತನ್ನನ್ನು ಪರೀಕ್ಷಿಸಿಕೊಳ್ಳಬೇಕೆಂಬ ನಿಯಮ ಹೊಗೆ ಮಿತಿಯ ಬಿಎಸ್-4 ಮಾನದಂಡದ ಜೊತೆ 2010ರಿಂದ, ಅದರ ಎರಡನೇ ಹಂತ 2013ರಿಂದ ಬಂತು. 2020ರ ಬಿಎಸ್-6ರಿಂದಾಚೆಗೆ ನಮ್ಮ ಸ್ಕೂಟರುಗಳಲ್ಲೂ ಎಂಜಿನ್ ಆಕಾರದ ಹಳದಿ ದೀಪ ಕಾಣುತ್ತದೆ.

2005ರಿಂದ ಟೊಯೋಟಾದ ಬಿಡದಿ ಕಾರ್ಖಾನೆಯಲ್ಲಿ ತಯಾರಾದ ಹಳೆಯ ಡೀಸೆಲ್ ಇನೋವಾದಲ್ಲಿ ಇನ್ನೆರಡು ದೀಪಗಳಿವೆ, ಅವು ನೇರವಾಗಿ ಮಾಲೀಕರ ಹಿತಕ್ಕೇ ಇಟ್ಟವು. ಒಂದು ಡೀಸೆಲ್ ಫಿಲ್ಟರಿನದು. ನೀರು ಡೀಸೆಲಿಗಿಂತ ಭಾರ, ಫಿಲ್ಟರಿನ ತಳಕ್ಕೆ ಇಳಿದು ನಿಲ್ಲುತ್ತದೆ. ನೀರಿನ ಮಟ್ಟ ಏರಿದಾಗ ಅಲ್ಲಿನ ತೇಲುಬಿರಡೆ ಮೇಲೆದ್ದು ದೀಪ ಹಚ್ಚುತ್ತದೆ. ತಳದ ಸ್ಕ್ರೂ ಸಡಿಲಿಸಿ ನೀರು ಇಳಿಸಿದರೆ ಮುಗಿಯಿತು, ಒಂದು ರೂಪಾಯಿ ಖರ್ಚಿಲ್ಲ. ಕಡೆಗಣಿಸಿದರೆ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುವ ಪಂಪು, ಇಂಜೆಕ್ಟರುಗಳಿಗೆ ಆ ನೀರು ನುಗ್ಗಿ ತುಕ್ಕು ಹಿಡಿಸುತ್ತದೆ. ಇನ್ನೊಂದು ‘ಟಿ-ಬೆಲ್ಟ್’ ದೀಪ. ಅದು ಏನನ್ನೂ ಪರೀಕ್ಷಿಸುವುದಿಲ್ಲ, ಕಿಲೋಮೀಟರ್ ಎಣಿಸುತ್ತದೆ ಅಷ್ಟೆ. ಟೈಮಿಂಗ್ ಬೆಲ್ಟ್ ಹರಿಯುವ ಮುನ್ನ ಯಾವ ಸೂಚನೆಯನ್ನೂ ಕೊಡದಿರಬಹುದು, ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಬೆಲ್ಟ್ ಬದಲಿಸದೆಯೂ ಆ ದೀಪವನ್ನು ಆರಿಸಬಹುದು. ಆದ್ದರಿಂದ ಹಳೆಯ ಇನೋವಾ ಕೊಳ್ಳುವವರು ದೀಪ ನೋಡಿದರೆ ಸಾಲದು, ಬೆಲ್ಟ್ ಬದಲಿಸಿದ ಬಿಲ್ ಕೇಳಬೇಕು.

ಇಡುವುದೋ, ಕೊಡುವುದೋ

ಕೊನೆಗೆ ಉಳಿಯುವುದು ಸಿಯೆನ್ನಾದ ಮಾಲೀಕರ ಮೊದಲ ಪ್ರಶ್ನೆ. ಮೂರೂವರೆ ಸಾವಿರದ ಗಾಡಿಗೆ 1800 ಡಾಲರ್ ಹಾಕುವುದು ಸರಿಯೇ? ರಿಪೇರಿಯ ಖರ್ಚನ್ನು ಗಾಡಿಯ ಬೆಲೆಗೆ ಹೋಲಿಸುವುದು ವಾಡಿಕೆ, ಆದರೆ ಹೋಲಿಸಬೇಕಾದ್ದು ಮುಂದಿನ ಎರಡು ವರ್ಷದ ಎರಡು ದಾರಿಗಳನ್ನು. ಒಂದರಲ್ಲಿ 1800 ಡಾಲರ್ ಮತ್ತು ಎಂದಿನ ಸರ್ವಿಸ್. ಇನ್ನೊಂದರಲ್ಲಿ ಹತ್ತೋ ಹನ್ನೆರಡೋ ಸಾವಿರದ ಬೇರೊಂದು ಹಳೆಯ ಗಾಡಿ, ಅದರ ತೆರಿಗೆ, ಸಾಲದ ಬಡ್ಡಿ, ನಾವು ಇನ್ನೂ ಕಂಡಿರದ ಅದರ ದೋಷಗಳು. ಗೇರ್‌ಬಾಕ್ಸ್ ಜಾರುತ್ತಿಲ್ಲ, ಅಡಿಯ ಚಾಸಿ ತುಕ್ಕು ತಿಂದಿಲ್ಲ, ಎಂಜಿನ್ ಆಯಿಲ್ ಕುಡಿಯುತ್ತಿಲ್ಲ ಎಂದಾದರೆ ಪರಿಚಿತ ಗಾಡಿಯನ್ನು ಉಳಿಸಿಕೊಳ್ಳುವುದೇ ಬಹಳ ಸಲ ಅಗ್ಗ. ಆ ಮೂರು ದೋಷಗಳಲ್ಲಿ ಒಂದಿದ್ದರೂ ಅಲ್ಲಿಗೆ ನಿಲ್ಲಿಸುವುದು ವಿವೇಕ. ಕಳೆದ ವರ್ಷ ಹಾಕಿದ ಹಣ ಯಾವ ದಾರಿಯಲ್ಲೂ ವಾಪಸು ಬಾರದು, ಅದನ್ನು ಲೆಕ್ಕಕ್ಕೆ ತರಬಾರದು.

ಈ ಲೆಕ್ಕವೆಲ್ಲ ನಿಲ್ಲುವುದು ಕಾರಣ ಸರಿಯಾಗಿ ಗೊತ್ತಾದಾಗ ಮಾತ್ರ. ಗ್ಯಾರೇಜಿನಲ್ಲಿ ‘ಎಷ್ಟಾಗುತ್ತೆ?’ ಎಂದು ಕೇಳುವ ಮೊದಲು ‘ಇದೇ ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು?’ ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾನೆ. ಕಾಯಿಲ್ ಅದಲು ಬದಲು ಮಾಡಿದೆ, ಕೋಡ್ ಅದರ ಜೊತೆ ಹೋಯಿತು ಎನ್ನುತ್ತಾನೆ. ಸೋರಿಕೆಯ ಜಾಗ ತೋರಿಸುತ್ತಾನೆ, ಮೀಟರಿನ ಓದು ಹೇಳುತ್ತಾನೆ. ‘ಸ್ಕ್ಯಾನರ್ ಹೇಳ್ತು’ ಎಂಬುದಷ್ಟೇ ಉತ್ತರವಾದರೆ ತನಿಖೆ ಇನ್ನೂ ಶುರುವಾಗಿಲ್ಲ, ದುಡ್ಡು ಕೊಡುವ ಹೊತ್ತೂ ಇನ್ನೂ ಬಂದಿಲ್ಲ.